ಫ್ಯೂಸ್ ಎಲ್ಲಿರಬೇಕು? ಹಳೆಯ ಸ್ಪೋರ್ಟ್ಸ್ ಕಾರೊಂದರ ದುರಸ್ತಿಯ ಲೆಕ್ಕಾಚಾರ

ನನ್ನ ಬಳಿ ಬಿ.ಎಸ್ಸಿ. ಓದಿದ ವಿದ್ಯಾರ್ಥಿಯೊಬ್ಬ ಈಗ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲಸದಲ್ಲಿದ್ದಾನೆ. ಅವನ ಬಳಿ ಇರುವುದು ಒಂದೇ ಕಾರು. 1991ರಲ್ಲಿ ತಯಾರಾದ ಮಾಜ್ದಾ ಎಂಎಕ್ಸ್-5. ಅಮೆರಿಕದಲ್ಲಿ ಅದರ ಹೆಸರು ಮಿಯಾಟ. ಎರಡೇ ಆಸನಗಳ, ಮೇಲ್ಛಾವಣಿಯನ್ನು ಹಿಂದಕ್ಕೆ ಮಡಚಬಹುದಾದ ಪುಟ್ಟ ಸ್ಪೋರ್ಟ್ಸ್ ಕಾರು. ಇದನ್ನು ಅವನು ಷೋಕಿಗಾಗಿ ಇಟ್ಟುಕೊಂಡವನಲ್ಲ. ಕೆಲಸಕ್ಕೆ ಹೋಗಿಬರಲು ದಿನಕ್ಕೆ 80 ಕಿಮೀ ಓಡಿಸುತ್ತಾನೆ. ಕಾರು ನಿಂತರೆ ಅವನ ಕೆಲಸವೂ ನಿಂತಂತೆ.

ಕಳೆದ ವರ್ಷ ಅವನಿಂದ ಉದ್ದನೆಯ ಪತ್ರವೊಂದು ಬಂತು. "ಸರ್, ಕಾರಿಗೆ ಮೂರು ತೊಂದರೆ ಬಂದಿವೆ. ಎರಡನೇ ಗೇರ್ ಹಾಕುವಾಗ ಕರಕರ ಸದ್ದು. ಐದನೇ ಗೇರಿನಲ್ಲಿ ಏರು ಹತ್ತುವಾಗ ಎಂಜಿನ್ ವೇಗ ಹೆಚ್ಚುತ್ತದೆ, ಕಾರಿನ ವೇಗ ಹೆಚ್ಚುವುದಿಲ್ಲ. ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ಹಿಂಬದಿಯಲ್ಲಿ ಠಕ್ ಎನ್ನುತ್ತದೆ. ಗೇರ್‌ಬಾಕ್ಸನ್ನೇ ಬದಲಿಸಿ, ಬಲವಾದ ಕ್ಲಚ್ ಹಾಕಿಸಿ, ಮುಂದೆ ಟರ್ಬೊ ಕೂಡ ಅಳವಡಿಸಬೇಕೆಂದಿದ್ದೇನೆ. ಉಳಿತಾಯವೆಲ್ಲ ಇದಕ್ಕೇ ಹೋಗುತ್ತದೆ. ಯಾವುದನ್ನು ಮೊದಲು ಮಾಡಲಿ?"

ನಾನು ಮೆಕ್ಯಾನಿಕ್ ಅಲ್ಲ. ಆದರೆ "ಯಾವುದು ಮೊದಲು?" ಎಂಬ ಪ್ರಶ್ನೆಯ ತಳದಲ್ಲಿರುವುದು ಪಿಯುಸಿ ಮಟ್ಟದ ಭೌತಶಾಸ್ತ್ರ. ಅದನ್ನು ಬಳಸಿ ನಾವಿಬ್ಬರೂ ಉತ್ತರ ಕಂಡುಕೊಂಡ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ. ಮೂವತ್ತು ವರ್ಷ ದಾಟಿದ ಯಾವ ಯಂತ್ರವಾದರೂ ಸವೆಯುತ್ತದೆ. ಅದು ತಯಾರಕರ ದೋಷವಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಎಂಜಿನ್ನಿನಿಂದ ಚಕ್ರದವರೆಗೆ

ಎಂಜಿನ್ ಉತ್ಪಾದಿಸಿದ ತಿರುಗುವಿಕೆಯನ್ನು ಚಕ್ರಗಳಿಗೆ ಮುಟ್ಟಿಸುವ ಭಾಗಗಳ ಸಾಲಿಗೆ ಡ್ರೈವ್‌ಟ್ರೇನ್ ಎಂದು ಹೆಸರು. ನಾವು ಇದನ್ನು ಚಾಲನಾ ಸರಣಿ ಎನ್ನೋಣ. ಈ ಕಾರಿನಲ್ಲಿ ಎಂಜಿನ್ ಮುಂದಿದೆ, ಎಳೆಯುವ ಚಕ್ರಗಳು ಹಿಂದಿವೆ. ಆದ್ದರಿಂದ ಸರಣಿಯ ಎಲ್ಲ ಕೊಂಡಿಗಳೂ ಇಲ್ಲಿ ಬಿಡಿಬಿಡಿಯಾಗಿ ಕಾಣಸಿಗುತ್ತವೆ. ಎಂಜಿನ್ನಿನ ತುದಿಯಲ್ಲಿ ಫ್ಲೈವೀಲ್, ಅದಕ್ಕೆ ಅಂಟಿದಂತೆ ಕ್ಲಚ್, ನಂತರ ಐದು ವೇಗಗಳ ಗೇರ್‌ಬಾಕ್ಸ್. ಅಲ್ಲಿಂದ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಹಿಂದಕ್ಕೆ ಹೋಗಿ ಡಿಫರೆನ್ಷಿಯಲ್ ಸೇರುತ್ತದೆ. ಅದರ ಎಡಬಲಗಳಿಂದ ಹೊರಟ ಎರಡು ಹಾಫ್ ಶಾಫ್ಟುಗಳು ಚಕ್ರಗಳನ್ನು ತಿರುಗಿಸುತ್ತವೆ. ಕೊನೆಯ ಕೊಂಡಿ ಟೈರ್ ಮತ್ತು ರಸ್ತೆಯ ನಡುವಣ ಘರ್ಷಣೆ. ಇದನ್ನು ಸರಣಿಯ ಭಾಗವೆಂದು ಯಾರೂ ಎಣಿಸುವುದಿಲ್ಲ. ಆದರೆ ಎಣಿಸಲೇಬೇಕು, ಕಾರಣ ಮುಂದೆ ತಿಳಿಯುತ್ತದೆ.

ಜಪಾನಿನ ಹಿರೋಷಿಮಾ ಮೂಲದ ಮಾಜ್ದಾ ಕಂಪನಿ ಈ ಕಾರನ್ನು 1989ರಲ್ಲಿ ಷಿಕಾಗೊ ವಾಹನ ಪ್ರದರ್ಶನದಲ್ಲಿ ಲೋಕಕ್ಕೆ ತೋರಿಸಿತು. 2016ರ ಹೊತ್ತಿಗೆ ಅದರ ಎಲ್ಲ ತಲೆಮಾರುಗಳೂ ಸೇರಿ ಹತ್ತು ಲಕ್ಷ ಕಾರುಗಳು ತಯಾರಾಗಿದ್ದವು. ಹೀಗಾಗಿ ಹಳೆಯ ಕಾರಿಗೂ ಬಿಡಿಭಾಗಗಳು ಸಿಗುತ್ತವೆ. ಮೊದಲ ಕಾರುಗಳಲ್ಲಿ ಇದ್ದದ್ದು 1.6 ಲೀಟರ್ ಎಂಜಿನ್. ಅಮೆರಿಕದಲ್ಲಿ ಮಾರಾಟವಾದ ಮಾದರಿಯ ಗರಿಷ್ಠ ಸಾಮರ್ಥ್ಯ 116 ಅಶ್ವಶಕ್ತಿ, ಗರಿಷ್ಠ ಟಾರ್ಕ್ ಸುಮಾರು 136 ನ್ಯೂಟನ್‌ಮೀಟರ್. 1994ರ ಮಾದರಿಯಿಂದ 1.8 ಲೀಟರ್ ಎಂಜಿನ್ ಬಂತು. ಅದರೊಂದಿಗೆ ಕ್ಲಚ್ ಮತ್ತು ಡಿಫರೆನ್ಷಿಯಲ್ ಕೂಡ ದೊಡ್ಡದಾದವು. ಎಂಜಿನ್ ಬೆಳೆದಾಗ ತಯಾರಕರೇ ಸರಣಿಯನ್ನೂ ಬೆಳೆಸಿದರು ಎಂಬುದನ್ನು ಇಲ್ಲಿ ಗಮನಿಸಿ.

ಟಾರ್ಕ್ ಬೆಳೆಯುವ ಬಗೆ

ತಿರುಗಿಸುವ ಬಲದ ಅಳತೆಯೇ ಟಾರ್ಕ್, ಅಂದರೆ ಬಲ ಮತ್ತು ಭುಜದ ಉದ್ದ ಇವುಗಳ ಗುಣಲಬ್ಧ. ಗೇರುಗಳು ವೇಗವನ್ನು ಕಡಿಮೆ ಮಾಡಿ ಟಾರ್ಕನ್ನು ಅದೇ ಪ್ರಮಾಣದಲ್ಲಿ ಹೆಚ್ಚಿಸುತ್ತವೆ. ಶಕ್ತಿ ಸಂರಕ್ಷಣೆಯ ನಿಯಮದಂತೆ ಸಾಮರ್ಥ್ಯ ಮಾತ್ರ ಹೆಚ್ಚುವುದಿಲ್ಲ. ಘರ್ಷಣೆಯಿಂದ ಸ್ವಲ್ಪ ನಷ್ಟವಾಗುತ್ತದೆ ಅಷ್ಟೆ.

ಈ ಕಾರಿನ ಗೇರ್ ಅನುಪಾತಗಳು ಹೀಗಿವೆ: ಮೊದಲನೆಯದು 3.136, ಎರಡನೆಯದು 1.888, ಮೂರನೆಯದು 1.330, ನಾಲ್ಕನೆಯದು 1.000, ಐದನೆಯದು 0.814. ಡಿಫರೆನ್ಷಿಯಲ್‌ನ ಅಂತಿಮ ಅನುಪಾತ 4.3. ಮೊದಲ ಗೇರಿನಲ್ಲಿ ಒಟ್ಟು ಅನುಪಾತ 3.136 × 4.3, ಅಂದರೆ ಸುಮಾರು 13.5. ಎಂಜಿನ್ನಿನ 136 ನ್ಯೂಟನ್‌ಮೀಟರ್ ಟಾರ್ಕ್ ಪ್ರೊಪೆಲ್ಲರ್ ಶಾಫ್ಟಿನಲ್ಲಿ 426 ಆಗುತ್ತದೆ. ಎರಡು ಹಾಫ್ ಶಾಫ್ಟುಗಳಲ್ಲಿ ಒಟ್ಟು 1,834 ಆಗುತ್ತದೆ. ಸರಣಿಯ ಆದಿಯಲ್ಲಿ ಟಾರ್ಕ್ ಚಿಕ್ಕದು, ಅಂತ್ಯದಲ್ಲಿ ದೊಡ್ಡದು.

ಇದರಿಂದ ಒಂದು ಮುಖ್ಯ ವಿಷಯ ಹೊಳೆಯುತ್ತದೆ. ಕ್ಲಚ್ ಇರುವುದು ಗೇರುಗಳ ಮುಂಚೆ. ಯಾವ ಗೇರಿನಲ್ಲಿದ್ದರೂ ಅದರ ಮೇಲಿನ ಹೊರೆ ಎಂಜಿನ್ನಿನ ಟಾರ್ಕನ್ನು ಮೀರದು. ಡಿಫರೆನ್ಷಿಯಲ್ ಇರುವುದು ಗೇರುಗಳ ನಂತರ. ಅದರ ಮೇಲಿನ ಹೊರೆ ಗೇರನ್ನು ಅವಲಂಬಿಸಿ ಬದಲಾಗುತ್ತದೆ. ಆದ್ದರಿಂದ ಇವೆರಡೂ ಸೋಲುವ ಸಂದರ್ಭಗಳು ಬೇರೆ ಬೇರೆ.

ಟೈರ್ ಎಂಬ ಮಿತಿ

ಹಾಫ್ ಶಾಫ್ಟಿನ ಟಾರ್ಕ್ ಎಷ್ಟೇ ಇರಲಿ, ಟೈರ್ ರಸ್ತೆಯನ್ನು ಹಿಡಿದಷ್ಟೇ ಕಾರಿಗೆ ನೂಕುಬಲ. ಟೈರಿನ ತ್ರಿಜ್ಯ ಸುಮಾರು 0.28 ಮೀಟರ್. ಸರಣಿಯಲ್ಲಿ 12 ಶೇಕಡ ನಷ್ಟವೆಂದು ಭಾವಿಸಿದರೆ ಮೊದಲ ಗೇರಿನಲ್ಲಿ ಎಂಜಿನ್ ಕೊಡಬಹುದಾದ ಅತಿ ಹೆಚ್ಚಿನ ನೂಕುಬಲ ಸುಮಾರು 5,800 ನ್ಯೂಟನ್.

ಟೈರ್ ಎಷ್ಟನ್ನು ತಾಳುತ್ತದೆ? ಚಾಲಕನೂ ಸೇರಿ ಕಾರಿನ ರಾಶಿ ಸುಮಾರು 1,050 ಕೆಜಿ. ಅದರಲ್ಲಿ ಅರ್ಧ ಹಿಂದಿನ ಚಕ್ರಗಳ ಮೇಲಿದೆ. ಕಾರು ಮುನ್ನುಗ್ಗುವಾಗ ಇನ್ನಷ್ಟು ಭಾರ ಹಿಂದಕ್ಕೆ ವಾಲುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2.265 ಮೀಟರ್. ಗುರುತ್ವಕೇಂದ್ರದ ಎತ್ತರವನ್ನು 0.45 ಮೀಟರ್, ಒಣ ರಸ್ತೆಯ ಘರ್ಷಣಾಂಕವನ್ನು 0.9 ಎಂದು ಅಂದಾಜು ಮಾಡಿದರೆ ಟೈರ್ ಜಾರದೆ ಒದಗಿಸಬಲ್ಲ ಬಲ ಸುಮಾರು 5,600 ನ್ಯೂಟನ್. ಇದಕ್ಕೆ ಸರಿಹೊಂದುವ ಹಾಫ್ ಶಾಫ್ಟುಗಳ ಒಟ್ಟು ಟಾರ್ಕ್ ಸುಮಾರು 1,580 ನ್ಯೂಟನ್‌ಮೀಟರ್.

5,800 ಮತ್ತು 5,600, ಎರಡೂ ಹೆಚ್ಚುಕಡಿಮೆ ಸಮ. ಡಿಫರೆನ್ಷಿಯಲ್ ಮೇಲೆ ಮಿತಿಮೀರಿದ ಹೊರೆ ಬೀಳುವ ಮೊದಲೇ ಟೈರ್ ಜಾರಿಬಿಡುತ್ತದೆ. ಮನೆಯ ವಿದ್ಯುತ್ ಮಂಡಲದಲ್ಲಿ ಫ್ಯೂಸ್ ಮಾಡುವ ಕೆಲಸವನ್ನು ಇಲ್ಲಿ ಟೈರ್ ಮಾಡುತ್ತಿದೆ.

ಈಗ ಕಾರಿಗೆ ಹೆಚ್ಚು ಹಿಡಿತದ, ಘರ್ಷಣಾಂಕ 1.1 ಇರುವ ಟೈರ್ ಹಾಕಿದೆವೆನ್ನಿ. ಮಿತಿ 1,580ರಿಂದ ಸುಮಾರು 2,030 ನ್ಯೂಟನ್‌ಮೀಟರ್‌ಗೆ ಏರುತ್ತದೆ. ಟೈರ್ ಬದಲಿಸಿದಾಗ ಎಂಜಿನ್ನನ್ನು ಯಾರೂ ಮುಟ್ಟಿಲ್ಲ. ಆದರೂ ಡಿಫರೆನ್ಷಿಯಲ್‌ಗೆ ಬೀಳಬಹುದಾದ ಹೊರೆಯ ಮಿತಿ 28 ಶೇಕಡ ಹೆಚ್ಚಿತು. ಫ್ಯೂಸಿಗೆ ದಪ್ಪ ತಂತಿ ಕಟ್ಟಿದಂತಾಯಿತು.

ಐದನೇ ಗೇರಿನ ಸಾಕ್ಷ್ಯ

ಈಗ ಅವನ ತೊಂದರೆಗಳನ್ನು ಒಂದೊಂದಾಗಿ ನೋಡೋಣ. ಐದನೇ ಗೇರಿನ ಏರಿನಲ್ಲಿ ಎಂಜಿನ್ ವೇಗ ಮಾತ್ರ ಹೆಚ್ಚುವುದೆಂದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಆದರೆ ಮೊದಲ ಗೇರಿನಲ್ಲಿ ಜಾರುತ್ತಿಲ್ಲವಲ್ಲ, ಏಕೆ? ಕಾರು ನಿಂತಲ್ಲಿಂದ ಹೊರಡಲು ಹೆಚ್ಚು ಬಲ ಬೇಕಲ್ಲವೆ?

ಕ್ಲಚ್ ತಾಳಬಲ್ಲ ಟಾರ್ಕಿನ ಸೂತ್ರ ಸರಳ:

ಟಾರ್ಕ್ = 2 × ಘರ್ಷಣಾಂಕ × ಒತ್ತುಬಲ × ಸರಾಸರಿ ತ್ರಿಜ್ಯ

ಕ್ಲಚ್ ಪ್ಲೇಟಿಗೆ ಎರಡು ಮುಖಗಳಿರುವುದರಿಂದ 2 ಬಂದಿದೆ. ಈ ಕಾರಿನ ಕ್ಲಚ್ ಪ್ಲೇಟಿನ ಹೊರವ್ಯಾಸ 200 ಮಿಮೀ. ಸರಾಸರಿ ತ್ರಿಜ್ಯ 82.5 ಮಿಮೀ, ಒತ್ತುಬಲ 4,000 ನ್ಯೂಟನ್, ಘರ್ಷಣಾಂಕ 0.3 ಎಂದು ಭಾವಿಸಿದರೆ ಉತ್ತರ 198 ನ್ಯೂಟನ್‌ಮೀಟರ್. ಎಂಜಿನ್ನಿನ 136ಕ್ಕೆ ಹೋಲಿಸಿದರೆ ಸಾಕಷ್ಟು ಮೀಸಲು ಇದೆ. ಪ್ಲೇಟಿಗೆ ಎಣ್ಣೆ ತಾಗಿ ಘರ್ಷಣಾಂಕ 0.18ಕ್ಕೆ ಇಳಿದರೆ? ಆಗ ಉತ್ತರ 119. ಮೀಸಲು ಪೂರ್ತಿ ಹೋಯಿತು.

ಇನ್ನು ಗೇರಿನ ಪ್ರಶ್ನೆ. ಎಂಜಿನ್ನಿನ ಟಾರ್ಕಿನಲ್ಲಿ ಒಂದು ಪಾಲು ಅದರದೇ ಕ್ರ್ಯಾಂಕ್‌ಶಾಫ್ಟ್ ಮತ್ತು ಫ್ಲೈವೀಲ್‌ಗಳ ವೇಗ ಹೆಚ್ಚಿಸಲು ಖರ್ಚಾಗುತ್ತದೆ. ಉಳಿದದ್ದು ಮಾತ್ರ ಕ್ಲಚ್ಚಿನ ಮೂಲಕ ಮುಂದಕ್ಕೆ ಹೋಗುತ್ತದೆ. ಈ ಭಾಗಗಳ ಜಡತ್ವ ಭ್ರಾಮಕ 0.12 ಕೆಜಿ ಚದರ ಮೀಟರ್ ಎಂದಿಟ್ಟುಕೊಳ್ಳಿ. ಮೊದಲ ಗೇರಿನಲ್ಲಿ ಕಾರಿನ ವೇಗೋತ್ಕರ್ಷ ಸುಮಾರು 4.5 ಮೀ/ಸೆ² ಇರುವಾಗ ಎಂಜಿನ್ನಿನ ವೇಗ ಬಲು ಬೇಗ ಏರುತ್ತದೆ. ಅದಕ್ಕೆ ತಗಲುವ ಟಾರ್ಕ್ ಸುಮಾರು 26. ಕ್ಲಚ್ಚಿಗೆ ಉಳಿಯುವುದು 110 ನ್ಯೂಟನ್‌ಮೀಟರ್. ಐದನೇ ಗೇರಿನಲ್ಲಿ ಎಂಜಿನ್ ವೇಗ ನಿಧಾನವಾಗಿ ಏರುತ್ತದೆ. ಅದಕ್ಕೆ ತಗಲುವುದು 2 ನ್ಯೂಟನ್‌ಮೀಟರಿಗೂ ಕಡಿಮೆ. ಕ್ಲಚ್ಚಿನ ಪಾಲಿಗೆ 134.

ಎಣ್ಣೆ ತಾಗಿದ ಕ್ಲಚ್ಚಿನ ಮಿತಿ 119. ಮೊದಲ ಗೇರಿನ 110ಕ್ಕೆ ಅದು ಸಾಲುತ್ತದೆ, ಐದನೇ ಗೇರಿನ 134ಕ್ಕೆ ಸಾಲುವುದಿಲ್ಲ. ಅಂಕಿಗಳು ಅಂದಾಜಿನವು, ಆದರೆ ಕಾರಣ ಅಂದಾಜಿನದಲ್ಲ. ಜೊತೆಗೆ, ಐದನೇ ಗೇರಿನಲ್ಲಿ ಹೊರೆ ಬಹಳ ಹೊತ್ತು ಇರುತ್ತದೆ. ಜಾರಿದ ಕ್ಲಚ್ ಬಿಸಿಯಾಗಿ ಘರ್ಷಣಾಂಕ ಇನ್ನಷ್ಟು ಕುಸಿಯುತ್ತದೆ. ಸವೆದ ಕ್ಲಚ್ಚನ್ನು ಮೇಲಿನ ಗೇರಿನಲ್ಲಿ ಪರೀಕ್ಷಿಸುವ ಮೆಕ್ಯಾನಿಕ್‌ಗಳ ರೂಢಿಗೆ ಇದೇ ಆಧಾರ.

"ಕ್ಲಚ್ ಕವಚದ ಕೆಳಗೆ ಎಣ್ಣೆ ಇದೆಯೇ ನೋಡು" ಎಂದು ಬರೆದೆ. "ಕಂದು ಎಣ್ಣೆ ತೊಟ್ಟಿಕ್ಕುತ್ತಿದೆ ಸರ್" ಎಂದು ಉತ್ತರ ಬಂತು. ಕ್ರ್ಯಾಂಕ್‌ಶಾಫ್ಟಿನ ಹಿಂತುದಿಯ ಆಯಿಲ್ ಸೀಲ್ ಗಟ್ಟಿಯಾಗಿ ಸೋರುತ್ತಿತ್ತು. ಸೀಲ್ ಬಿಟ್ಟು ಬರೀ ಬಲವಾದ ಕ್ಲಚ್ ಹಾಕಿದ್ದರೆ ಕೆಲವೇ ತಿಂಗಳಲ್ಲಿ ಅದಕ್ಕೂ ಎಣ್ಣೆ ತಾಗುತ್ತಿತ್ತು. ತೊಂದರೆ ಕ್ಲಚ್ಚಿನಲ್ಲಿ ಕಾಣಿಸಿತು, ಕಾರಣ ಮಾತ್ರ ಪುಟ್ಟ ರಬ್ಬರ್ ಉಂಗುರದಲ್ಲಿತ್ತು.

ಗೇರ್ ಕರಕರ ಎಂದರೆ ತಪ್ಪು ಯಾರದು?

ಗೇರ್ ಬದಲಿಸುವಾಗ ಬೇರೆ ಬೇರೆ ವೇಗದಲ್ಲಿ ತಿರುಗುತ್ತಿರುವ ಎರಡು ಭಾಗಗಳನ್ನು ಒಂದೇ ವೇಗಕ್ಕೆ ತರಬೇಕು. ಈ ಕೆಲಸ ಮಾಡುವುದು ಶಂಕುವಿನಾಕಾರದ ಹಿತ್ತಾಳೆ ಬಣ್ಣದ ಉಂಗುರ. ಇದಕ್ಕೆ ಸಿಂಕ್ರೊ ಉಂಗುರ ಎಂದು ಹೆಸರು. ಅದೂ ಒಂದು ಪುಟ್ಟ ಘರ್ಷಣಾ ಕ್ಲಚ್ಚೇ. ಅದು ಸವೆದರೆ ವೇಗಗಳು ಹೊಂದುವ ಮೊದಲೇ ಹಲ್ಲುಗಳು ತಾಗಿ ಕರಕರ ಎನ್ನುತ್ತವೆ. ನನ್ನ ವಿದ್ಯಾರ್ಥಿ ಗೇರ್‌ಬಾಕ್ಸ್ ಬದಲಿಸಬೇಕೆಂದುಕೊಂಡದ್ದು ಇದೇ ಕಾರಣಕ್ಕೆ.

ಆದರೆ ಇನ್ನೊಂದು ಸಾಧ್ಯತೆ ಇದೆ. ಪೆಡಲ್ ಒತ್ತಿದಾಗ ಕ್ಲಚ್ ಪೂರ್ತಿ ಬಿಡದಿದ್ದರೆ ಎಂಜಿನ್ ಗೇರ್‌ಬಾಕ್ಸಿನ ಒಳ ಶಾಫ್ಟನ್ನು ತಿರುಗಿಸುತ್ತಲೇ ಇರುತ್ತದೆ. ಸಿಂಕ್ರೊ ಉಂಗುರ ಆಗ ಎಂಜಿನ್ನಿನ ವಿರುದ್ಧವೇ ಹೋರಾಡಬೇಕು. ಹೊಸ ಉಂಗುರವಾದರೂ ಸೋಲುತ್ತದೆ. ಇವೆರಡನ್ನು ಬೇರ್ಪಡಿಸಲು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಕಾರು ನಿಂತಿರಲಿ, ಎಂಜಿನ್ ಓಡುತ್ತಿರಲಿ. ಪೆಡಲನ್ನು ಪೂರ್ತಿ ಒತ್ತಿ ಮೂರು ನಾಲ್ಕು ಸೆಕೆಂಡು ಕಾದು ರಿವರ್ಸ್ ಗೇರ್ ಹಾಕಬೇಕು. ಕ್ಲಚ್ ಪೂರ್ತಿ ಬಿಟ್ಟಿದ್ದರೆ ಅಷ್ಟರಲ್ಲಿ ಒಳ ಶಾಫ್ಟ್ ನಿಂತಿರುತ್ತದೆ, ಗೇರ್ ಸದ್ದಿಲ್ಲದೆ ಬೀಳುತ್ತದೆ. ಕರಕರ ಎಂದರೆ ಕ್ಲಚ್ ಬಿಡುತ್ತಿಲ್ಲ.

ಅವನ ಕಾರು ರಿವರ್ಸ್‌ನಲ್ಲೂ ಕರಕರ ಎಂದಿತು. ಪೆಡಲಿನ ಒತ್ತಡವನ್ನು ದ್ರವದ ಮೂಲಕ ಕ್ಲಚ್ಚಿಗೆ ಮುಟ್ಟಿಸುವ ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸಿನ ಪಕ್ಕದಲ್ಲಿ ಎರಡು ಬೋಲ್ಟುಗಳಲ್ಲಿ ಕೂತಿರುತ್ತದೆ. ಅದರ ರಬ್ಬರ್ ಕವಚ ಸರಿಸಿದಾಗ ಒಳಗೆ ಒದ್ದೆಯಿತ್ತು. ಪಾಸ್ಕಲ್ ನಿಯಮ ಕೆಲಸ ಮಾಡಬೇಕಾದರೆ ದ್ರವ ಒಳಗೇ ಇರಬೇಕಲ್ಲ! ಸ್ಲೇವ್ ಸಿಲಿಂಡರನ್ನು ಬದಲಿಸಿ, ಹಳೆಯ ದ್ರವ ತೆಗೆದು ಗಾಳಿಗುಳ್ಳೆಗಳನ್ನು ಹೊರಹಾಕಿದ ಮೇಲೆ ರಿವರ್ಸ್ ಸದ್ದು ನಿಂತಿತು. ಎರಡನೇ ಗೇರ್ ಬೆಳಗಿನ ಚಳಿಯಲ್ಲಿ ಮೊದಲ ಕೆಲವು ಬಾರಿ ಮಾತ್ರ ಕೊಸರುತ್ತದೆ. ಅಂದರೆ ಸಿಂಕ್ರೊ ಉಂಗುರವೂ ಸ್ವಲ್ಪ ಸವೆದಿದೆ, ಆದರೆ ಗೇರ್‌ಬಾಕ್ಸನ್ನು ಬಿಸಾಡುವಷ್ಟಲ್ಲ. ದೊಡ್ಡ ಖರ್ಚೊಂದು ಅಲ್ಲಿಗೆ ತಪ್ಪಿತು.

ಗೇರ್ ಎಣ್ಣೆಯ ಬಗ್ಗೆ ಒಂದು ಮಾತು. ಜಿಎಲ್-5 ದರ್ಜೆಯ ಎಣ್ಣೆಯಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳು ಜಿಎಲ್-4ಕ್ಕಿಂತ ಹೆಚ್ಚು. ಡಿಫರೆನ್ಷಿಯಲ್‌ನಲ್ಲಿ ಹಲ್ಲುಗಳು ಉಜ್ಜುತ್ತಾ ಜಾರುವಲ್ಲಿ ಅವು ಬೇಕು. ಆದರೆ ಕೆಲವು ಜಿಎಲ್-5 ಎಣ್ಣೆಗಳು ತಾಮ್ರದ ಮಿಶ್ರಲೋಹದ ಸಿಂಕ್ರೊ ಉಂಗುರಗಳಿಗೆ ಹಿತವಲ್ಲ. ಸಿಂಕ್ರೊಗೆ ಘರ್ಷಣೆ ಬೇಕು; ಅತಿ ಜಾರುವ ಎಣ್ಣೆ ಅದರ ಕೆಲಸಕ್ಕೂ ಅಡ್ಡಿ. ಆದ್ದರಿಂದ ಗೇರ್‌ಬಾಕ್ಸಿಗೆ ಜಿಎಲ್-4, ಡಿಫರೆನ್ಷಿಯಲ್‌ಗೆ ಜಿಎಲ್-5 ಎಂದು ಆರಿಸಿಕೊಂಡೆವು.

ಠಕ್ ಎನ್ನುವ ಸದ್ದು

ಆಕ್ಸಿಲರೇಟರ್ ಒತ್ತಿದಾಗ ಗೇರಿನ ಹಲ್ಲುಗಳು ಒಂದು ಮಗ್ಗುಲಲ್ಲಿ ತಾಗುತ್ತವೆ, ಬಿಟ್ಟಾಗ ಇನ್ನೊಂದು ಮಗ್ಗುಲಲ್ಲಿ. ಇವುಗಳ ನಡುವೆ ಎಷ್ಟು ಸಡಿಲವಿದೆಯೋ ಅಷ್ಟು ಸದ್ದು. ಸಡಿಲ ಎಲ್ಲೆಲ್ಲಿ ಸೇರಿಕೊಂಡಿದೆ ಎಂಬುದನ್ನು ಕಾರು ನಿಂತಿರುವಾಗಲೇ ಹುಡುಕಬಹುದು. ಕಾರನ್ನು ಗಟ್ಟಿ ನೆಲದ ಮೇಲೆ ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಅಡ್ಡೆ ಕೊಟ್ಟು, ಪ್ರೊಪೆಲ್ಲರ್ ಶಾಫ್ಟನ್ನು ಕೈಯಿಂದ ಅತ್ತಿತ್ತ ತಿರುಗಿಸಬೇಕು. ಬರೀ ಜ್ಯಾಕಿನ ಮೇಲಿರುವ ಕಾರಿನ ಕೆಳಗೆ ಎಂದೂ ತೂರಬಾರದು.

ಅವನ ಕಾರಿನಲ್ಲಿ ಶಾಫ್ಟಿನ ಯುನಿವರ್ಸಲ್ ಜಾಯಿಂಟುಗಳು ಬಿಗಿಯಾಗಿದ್ದವು. ಆದರೆ ಡಿಫರೆನ್ಷಿಯಲ್ ಪೆಟ್ಟಿಗೆಯನ್ನು ಹಿಡಿದಿರುವ ರಬ್ಬರ್ ಬುಷ್‌ಗಳು ಬಿರಿದಿದ್ದವು. ನ್ಯೂಟನ್ನನ ಮೂರನೇ ನಿಯಮದಂತೆ, ಡಿಫರೆನ್ಷಿಯಲ್ ಚಕ್ರಗಳನ್ನು ಒಂದು ದಿಕ್ಕಿಗೆ ತಿರುಗಿಸುವಾಗ ಅದರ ಪೆಟ್ಟಿಗೆ ವಿರುದ್ಧ ದಿಕ್ಕಿಗೆ ತಿರುಗಲು ನೋಡುತ್ತದೆ. ರಬ್ಬರ್ ಬಿರಿದಿದ್ದರಿಂದ ಪೆಟ್ಟಿಗೆಯೇ ಎದ್ದು ಬಡಿಯುತ್ತಿತ್ತು. ಹಲ್ಲುಗಳು ಚೆನ್ನಾಗಿದ್ದವು.

ಶಕ್ತಿ ಹೆಚ್ಚಿಸಿದರೆ ಫ್ಯೂಸ್ ಎಲ್ಲಿಗೆ ಹೋಗುತ್ತದೆ?

ಇನ್ನು ಅವನ ಕನಸಿನ ಟರ್ಬೊ. ಅದರಿಂದ ಟಾರ್ಕ್ 200 ನ್ಯೂಟನ್‌ಮೀಟರಿಗೆ ಏರುತ್ತದೆಂದು ಊಹಿಸೋಣ. ಗೇರ್‌ಬಾಕ್ಸಿನ ಒಳ ಶಾಫ್ಟಿನ ಮೇಲೆ ಎಲ್ಲ ಗೇರುಗಳಲ್ಲೂ 47 ಶೇಕಡ ಹೆಚ್ಚು ಹೊರೆ. ಹೊಸ ಕ್ಲಚ್ಚಿನ 198ಕ್ಕೂ ಇದು ಮೀರಿತು. ಮೊದಲು ಜಾರುವುದು ಕ್ಲಚ್.

ಡಿಫರೆನ್ಷಿಯಲ್ ಗತಿ ಏನು? ಮೊದಲ ಗೇರಿನಲ್ಲಿ ಹೆಚ್ಚೇನೂ ಬದಲಾಗದು, ಏಕೆಂದರೆ ಟೈರ್ 1,580ರಲ್ಲೇ ಜಾರುತ್ತದೆ. ಎರಡನೇ ಗೇರನ್ನು ನೋಡಿ. ಹಿಂದೆ ಹಾಫ್ ಶಾಫ್ಟುಗಳಿಗೆ ಬರುತ್ತಿದ್ದುದು ನಷ್ಟ ಕಳೆದು ಸುಮಾರು 970. ಈಗ ಸುಮಾರು 1,430. ಇದು ಟೈರಿನ ಮಿತಿಯ ಒಳಗೇ ಇದೆ. ಹಾಗಾಗಿ ಟೈರ್ ಜಾರುವುದಿಲ್ಲ, ಇಡೀ ಹೊರೆ ಹಲ್ಲುಗಳ ಮೇಲೆಯೇ ಬೀಳುತ್ತದೆ. ಅಪರೂಪಕ್ಕೊಮ್ಮೆ ಬರುತ್ತಿದ್ದ ಹೊರೆ, ಹೆದ್ದಾರಿ ಸೇರುವಾಗಲೆಲ್ಲ ಬರತೊಡಗುತ್ತದೆ.

ಉಕ್ಕು ಒಮ್ಮೆಗೇ ಮುರಿಯುವುದು ಕಡಿಮೆ. ಪದೇ ಪದೇ ಹೊರೆ ಬಿದ್ದಾಗ ಅದು ದಣಿಯುತ್ತದೆ. ಹಲ್ಲಿನ ಬಾಳಿಕೆ ಪೀಡನದ ದೊಡ್ಡ ಘಾತಕ್ಕೆ ವಿಲೋಮವಾಗಿರುತ್ತದೆ. ಆ ಘಾತ 6 ಎಂದುಕೊಂಡರೆ, ಪೀಡನ 20 ಶೇಕಡ ಹೆಚ್ಚಿದರೆ ಬಾಳಿಕೆ ಮೂರನೇ ಒಂದಕ್ಕೆ ಇಳಿಯುತ್ತದೆ.

ಹಾಗಾದರೆ ಬಲವಾದ ಕ್ಲಚ್ ಹಾಕಿದರಾಯಿತು ಎನ್ನಬಹುದು. ಇಲ್ಲೇ ಎಚ್ಚರ ಬೇಕು. ಎಂಜಿನ್ನನ್ನು ವೇಗವಾಗಿ ಓಡಿಸಿ ಕ್ಲಚ್ಚನ್ನು ಥಟ್ಟನೆ ಬಿಟ್ಟಾಗ ಫ್ಲೈವೀಲ್‌ನಲ್ಲಿ ಕೂಡಿಟ್ಟ ಶಕ್ತಿ ಸರಣಿಗೆ ಅಪ್ಪಳಿಸುತ್ತದೆ. ನಿಮಿಷಕ್ಕೆ 5,000 ಸುತ್ತಿನಲ್ಲಿ ಅದು ಸುಮಾರು 16,000 ಜೂಲ್. ಟೈರ್ ಜಾರಲು ಒಂದು ಕ್ಷಣ ಬೇಕು. ಆ ಕ್ಷಣದ ಹೊಡೆತಕ್ಕೆ ಮಿತಿ ಹಾಕುವುದು ಕ್ಲಚ್ಚಿನ ಜಾರುವಿಕೆ. 198ರ ಕ್ಲಚ್ ಸುಮಾರು 198ರಲ್ಲೇ ಜಾರುತ್ತದೆ. 350ರ ಕ್ಲಚ್ ಹಾಕಿದರೆ ಅಷ್ಟರವರೆಗೂ ಬಿಡದು. ಆಗ ಫ್ಯೂಸ್ ಕ್ಲಚ್ಚಿನಿಂದ ಹೊರಟು ಹಿಂದಕ್ಕೆ ಹೋಗುತ್ತದೆ. ಟೈರಿನ ಹಿಡಿತವನ್ನೂ ಹೆಚ್ಚಿಸಿದ್ದರೆ ಉಳಿಯುವುದು ಡಿಫರೆನ್ಷಿಯಲ್ ಒಂದೇ.

1.6 ಲೀಟರ್ ಕಾರಿನ ಡಿಫರೆನ್ಷಿಯಲ್‌ನಲ್ಲಿ ಕ್ರೌನ್ ವೀಲ್‌ನ ವ್ಯಾಸ ಸುಮಾರು 6 ಅಂಗುಲ. 1,580 ನ್ಯೂಟನ್‌ಮೀಟರ್ ಟಾರ್ಕಿಗೆ ಅದರ ಅಂಚಿನ ಹಲ್ಲುಗಳ ಮೇಲಿನ ಬಲ ಕನಿಷ್ಠ 20,700 ನ್ಯೂಟನ್, ಅಂದರೆ ಎರಡು ಟನ್ ತೂಕಕ್ಕೂ ಹೆಚ್ಚು. 1.8 ಲೀಟರ್ ಕಾರಿನದು 7 ಅಂಗುಲ. ಅದೇ ಟಾರ್ಕಿಗೆ ಬಲ 17,800. ಹಲ್ಲುಗಳೂ ದಪ್ಪ. ಆದ್ದರಿಂದಲೇ ಶಕ್ತಿ ಹೆಚ್ಚಿಸುವವರು 7 ಅಂಗುಲದ ಡಿಫರೆನ್ಷಿಯಲ್ ಹಾಕಿಸುತ್ತಾರೆ. ಆದರೆ ಅದೊಂದನ್ನೇ ತಂದರೆ ಸಾಲದು; ಜೋಡಣೆ ಬೇರೆಯಾಗಿರುವುದರಿಂದ 1.8 ಕಾರಿನ ಹಾಫ್ ಶಾಫ್ಟುಗಳೂ ಪ್ರೊಪೆಲ್ಲರ್ ಶಾಫ್ಟೂ ಬೇಕು. 1994ರ ಅಮೆರಿಕದ ಮಾದರಿಯ ಅಂತಿಮ ಅನುಪಾತ 4.1. ಇದರಿಂದ ಎಳೆಯುವ ಬಲ 5 ಶೇಕಡದಷ್ಟು ಕುಗ್ಗುತ್ತದೆ. ಗಂಟೆಗೆ 100 ಕಿಮೀ ವೇಗದಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 150 ಸುತ್ತು ಕಡಿಮೆ ತಿರುಗುತ್ತದೆ. ದಿನಕ್ಕೆ 80 ಕಿಮೀ ಓಡಿಸುವವನಿಗೆ ಇದು ಒಳ್ಳೆಯ ವಿನಿಮಯವೇ.

ಹಗುರ ಫ್ಲೈವೀಲ್ ಬಗ್ಗೆಯೂ ಅವನು ಕೇಳಿದ್ದ. ಜಡತ್ವ ಭ್ರಾಮಕವನ್ನು 0.03 ಕೆಜಿ ಚದರ ಮೀಟರಿನಷ್ಟು ಇಳಿಸಿದರೆ ಮೊದಲ ಗೇರಿನಲ್ಲಿ ಕಾರಿನ ರಾಶಿ 70 ಕೆಜಿ ಕಡಿಮೆಯಾದಂತೆ; ಐದನೇ ಗೇರಿನಲ್ಲಿ ಬರೀ 5 ಕೆಜಿ. ಅನುಪಾತದ ವರ್ಗ ಸೂತ್ರದಲ್ಲಿ ಬರುವುದೇ ಈ ವ್ಯತ್ಯಾಸಕ್ಕೆ ಕಾರಣ. ಆದರೆ ಕೂಡಿಟ್ಟ ಶಕ್ತಿ ಕಡಿಮೆಯಾದುದರಿಂದ ಟ್ರಾಫಿಕ್ಕಿನಲ್ಲಿ, ಏರಿನಲ್ಲಿ ಹೊರಡುವಾಗ ಎಂಜಿನ್ ನಿಂತುಹೋಗುವ ಸಂಭವ ಹೆಚ್ಚು.

ಕೆಲಸದ ಅನುಕ್ರಮ

ಕಡೆಗೆ ನಾವು ಹಾಕಿಕೊಂಡ ಯೋಜನೆ ಹೀಗಿತ್ತು.

1. ಏನನ್ನೂ ಇಳಿಸದೆ ಆಗುವ ಕೆಲಸಗಳು: ಪರೀಕ್ಷೆಗಳು, ಸ್ಲೇವ್ ಸಿಲಿಂಡರ್, ಎರಡೂ ಕಡೆಯ ಗೇರ್ ಎಣ್ಣೆ, ಹಾಫ್ ಶಾಫ್ಟಿನ ರಬ್ಬರ್ ಕವಚಗಳ ತಪಾಸಣೆ. ಒಂದು ಶನಿವಾರ ಸಾಕು. ಸೋಮವಾರ ಕಾರು ಓಡಬೇಕು.

2. ಗೇರ್‌ಬಾಕ್ಸ್ ಇಳಿಸಿದಾಗ ಆಗಬೇಕಾದವು: ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲ್, ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಗೇರ್‌ಬಾಕ್ಸಿನ ಮುಂದಿನ ಸೀಲ್. ಇಲ್ಲಿ ಖರ್ಚಾಗುವುದು ಮುಖ್ಯವಾಗಿ ಕೂಲಿ. ಒಮ್ಮೆ ಇಳಿಸಿದಾಗ ಎಲ್ಲವನ್ನೂ ಮುಗಿಸಬೇಕು. 1.8 ಕಾರಿನ ಫ್ಲೈವೀಲ್ ಮತ್ತು 215 ಮಿಮೀ ಕ್ಲಚ್ ಈ ಎಂಜಿನ್ನಿಗೂ ಕೂಡುತ್ತವೆ. ಒತ್ತುಬಲ ಹೆಚ್ಚಿಸದೆ ತ್ರಿಜ್ಯದಿಂದಲೇ 9 ಶೇಕಡದಷ್ಟು ಲಾಭ. ಒತ್ತುಬಲ ಹೆಚ್ಚಿಸಿದ್ದರೆ ಪೆಡಲ್ ಗಡುಸಾಗುತ್ತಿತ್ತು, ಕ್ರ್ಯಾಂಕ್‌ಶಾಫ್ಟಿನ ಥ್ರಸ್ಟ್ ಬೇರಿಂಗ್ ಮೇಲಿನ ಒತ್ತಡವೂ ಹೆಚ್ಚುತ್ತಿತ್ತು.

3. ಡಿಫರೆನ್ಷಿಯಲ್‌ನ ರಬ್ಬರ್ ಬುಷ್‌ಗಳು. ಮುಂದೆ 7 ಅಂಗುಲದ ಡಿಫರೆನ್ಷಿಯಲ್ ಹಾಕಿಸುವ ವಿಚಾರ ಗಟ್ಟಿಯಾಗಿದ್ದರೆ ಎರಡನ್ನೂ ಒಟ್ಟಿಗೆ ಮಾಡಿಸುವುದು ಲೇಸು.

4. ಟರ್ಬೊ ಎಲ್ಲಕ್ಕಿಂತ ಕೊನೆಗೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಕಾರು ಹೊಗೆ ತಪಾಸಣೆಯಲ್ಲಿ ತೇರ್ಗಡೆಯಾಗಬೇಕು. ಆ ರಾಜ್ಯದ ವಾಯು ಸಂಪನ್ಮೂಲ ಮಂಡಳಿಯ ಅನುಮತಿ ಇಲ್ಲದ ಟರ್ಬೊ ಅಲ್ಲಿ ನಡೆಯದು.

ಮೊದಲ ಎರಡು ಹಂತಗಳು ಮುಗಿದಿವೆ. ಬುಷ್‌ಗಳನ್ನು ಮುಂದಿನ ರಜೆಯಲ್ಲಿ ಹಾಕಿಸುತ್ತಾನಂತೆ. ಟರ್ಬೊ ವಿಷಯ ಅವನ ಇತ್ತೀಚಿನ ಪತ್ರದಲ್ಲಿ ಇರಲಿಲ್ಲ. ನಾನೂ ಕೇಳಲಿಲ್ಲ.

ತರಗತಿಯಲ್ಲಿ ಮಾಡಿ ನೋಡಲು

ಶಿಕ್ಷಕ ಮಿತ್ರರಿಗೆ ಈ ಪಾಠ ಮಾಡಲು ಸ್ಪೋರ್ಟ್ಸ್ ಕಾರು ಬೇಕಿಲ್ಲ, ಗೇರ್ ಇರುವ ಸೈಕಲ್ ಸಾಕು. ಅದನ್ನು ತಲೆಕೆಳಗಾಗಿ ನಿಲ್ಲಿಸಿ ಮುಂದಿನ, ಹಿಂದಿನ ಹಲ್ಲುಗಾಲಿಗಳ ಹಲ್ಲುಗಳನ್ನು ವಿದ್ಯಾರ್ಥಿಗಳಿಂದ ಎಣಿಸಿ. ಪೆಡಲಿಗೆ ತಿಳಿದ ತೂಕವನ್ನು ತೂಗುಹಾಕಿ, ಹಿಂದಿನ ಚಕ್ರದ ಅಂಚಿನಲ್ಲಿ ಸ್ಪ್ರಿಂಗ್ ತಕ್ಕಡಿಯಿಂದ ಬಲವನ್ನು ಅಳೆಯಿರಿ. ಲೆಕ್ಕಕ್ಕೂ ಅಳತೆಗೂ ಇರುವ ವ್ಯತ್ಯಾಸದಿಂದ ಸರಣಿಯ ನಷ್ಟ ತಿಳಿಯುತ್ತದೆ. ಚೈನಿಗೆ ಎಣ್ಣೆ ಹಾಕಿ ಮತ್ತೆ ಅಳೆಯಲಿ. ಬಳಿಕ ಒಂದು ಪ್ರಶ್ನೆ ಕೇಳಿ: "ಈ ಸೈಕಲ್ಲಿಗೆ ಹೆಚ್ಚು ಬಲವಾದ ಚೈನ್ ಹಾಕಿದರೆ, ಮುಂದೆ ಸೋಲುವುದು ಯಾವುದು?"

ಬಾವಿಯ ಹಗ್ಗ ರಾಟೆಗೆ ಉಜ್ಜುವ ಜಾಗದಲ್ಲಿ ಕಡಿಯುತ್ತದೆ. ಅಲ್ಲಿ ದಪ್ಪ ಹಗ್ಗ ಕಟ್ಟಿದರೆ ಬಿಂದಿಗೆಯ ಕುಣಿಕೆಯಲ್ಲಿ ಕಡಿಯುತ್ತದೆ. ಎಲ್ಲೋ ಒಂದು ಕಡೆ ಸೋಲು ಇದ್ದೇ ಇರುತ್ತದೆ. ಅದು ಕೈಗೆಟಕುವ, ಕಡಿಮೆ ಖರ್ಚಿನ, ಜೀವಕ್ಕೆ ಅಪಾಯವಿಲ್ಲದ ಜಾಗದಲ್ಲಿರುವಂತೆ ನೋಡಿಕೊಳ್ಳುವುದೇ ಎಂಜಿನಿಯರಿಂಗ್. ದಿನವೂ ಓಡುವ ಹಳೆಯ ಕಾರಿಗೆ ಆ ಜಾಗಗಳು ಟೈರ್ ಮತ್ತು ಕ್ಲಚ್. ಅಲ್ಲಿನ ಫ್ಯೂಸನ್ನು ತೆಗೆಯುವ ಮೊದಲು ಮುಂದಿನ ಕೊಂಡಿ ಯಾವುದೆಂದು ಲೆಕ್ಕ ಹಾಕಿ ನೋಡಬೇಕು.